ಗಚ್ಚಿನ ಮನೆಯ ಎತ್ತರ

ಗಚ್ಚಿನ ಮನೆ ಕಟ್ಟಿದವರನ್ನು, ಮನೆ ಮುಗಿದ ಮರುದಿನ, ಹಳ್ಳದಾಚೆಗೆ ಅಟ್ಟಲಾಯಿತು. ಮನೆ ಎದ್ದದ್ದು ಅವರ ಗುಡಿಸಲುಗಳಿದ್ದ ಜಾಗದಲ್ಲಿ. ಗುಡಿಸಲುಗಳ ಗಳ ಕಿತ್ತು ಸಾರವೆ ಕಟ್ಟಿಸಿದರು. ಸಾರವೆ ಬಿಚ್ಚಿದ ಮೇಲೆ ಅವೇ ಗಳಗಳನ್ನು ಸೀಳಿ ಗೃಹಪ್ರವೇಶದ ಅಡುಗೆ ಒಲೆಗೆ ಹಾಕಿದರು. ಕಟ್ಟಿದವರಿಗೆ ಎಲೆ ಹಾಕಲಿಲ್ಲ.

ನಾನು ಆ ಮನೆಯ ಎದುರು ಮನೆಯವನು. ಹೆಸರು ಮೌಲಾಲಿ, ಹೊಲಿಗೆ ಕೆಲಸ. ನಮ್ಮಪ್ಪನೂ ಇದೇ ಕಟ್ಟೆಯ ಮೇಲೆ ಕೂತು ಮಷಿನ್ ತುಳಿದವನು, ಅವನೂ ಆ ಮನೆಗೆ ಹೂಂಗುಟ್ಟಿದವನು. ಅವನ ನಂತರ ಮಷಿನ್ನೂ ಹೂಂಗುಟ್ಟುವ ಕೆಲಸವೂ ನನ್ನ ಪಾಲಿಗೆ ಬಂದವು. ನಮ್ಮ ಊರಲ್ಲಿ ಮಳೆಗಾಲ ಮುಗಿದ ಮೊದಲ ಹುಣ್ಣಿಮೆಯ ಮುಂಜಾನೆ ಪ್ರತಿ ಮನೆಯನ್ನೂ ಹೇಳಬೇಕು. ಆ ಮನೆಯಲ್ಲಿ ಮಲಗಿ ಏಳುವವರೊಬ್ಬರು ಹೊಸ್ತಿಲ ಮೇಲೆ ನಿಂತು, ಮನೆ ಹೇಗೆ ಬಂತು, ಯಾರು ಕಟ್ಟಿದರು, ಯಾರು ಇದ್ದರು, ಯಾರು ಹೋದರು ಅಂತ ಓಣಿಗೆ ಕೇಳುವ ಹಾಗೆ ಹೇಳುತ್ತಾರೆ. ಎದುರು ಮನೆಯವರು ತಮ್ಮ ಕಟ್ಟೆಯ ಮೇಲೆ ಕೂತು, ಕಥೆ ಕೇಳುವ ಮಕ್ಕಳ ಹಾಗೆ, ಮಾತು ಮಾತಿಗೆ ಹೂಂ ಅನ್ನುತ್ತಾರೆ. ಹೇಳದೆ ಬಿಟ್ಟ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಸುಳ್ಳು ಹೇಳಿದ ಮನೆ ನೆಲಕ್ಕಿಳಿಯುತ್ತದೆ, ಸುಳ್ಳು ಹಗುರಾಗಿದ್ದರೆ ಉಗುರಿನಷ್ಟು, ಭಾರವಿದ್ದರೆ ಗೇಣು. ಇಳಿದ ಮನೆಯನ್ನು ಯಾರಾದರೂ ಖರೆ ಹೇಳಿದರೆ ಅದು ಮತ್ತೆ ಏಳುತ್ತದೆ. ಇಳಿಯುವಾಗ ಸಪ್ಪಳವಿಲ್ಲ. ಏಳುವಾಗ ಮಾತ್ರ ಮುಲುಗುತ್ತದೆ.

ಹಾಗಾಗಿ ನಮ್ಮ ಹಳೇಪೇಟೆಗೆ ಹೊಸಬರು ಯಾರಾದರೂ ಬಂದರೆ ಅವರಿಗೆ ಮೊದಲು ಕಾಣುವುದು ಮಾಳಿಗೆಗಳು. ದೊಡ್ಡವರ ಮನೆಗಳೆಲ್ಲ ಕಿಟಕಿ ಮಟ್ಟಕ್ಕೆ, ಕೆಲವು ಮಾಳಿಗೆಯ ಕುಂಬಿ ಮಟ್ಟಕ್ಕೆ ಇಳಿದಿವೆ. ಬಡಿಗೇರರಿಗೆ ಇಲ್ಲಿ ಬಾಗಿಲು ಮಾಡುವ ಕೆಲಸಕ್ಕಿಂತ ಕಿಟಕಿಯನ್ನು ಬಾಗಿಲು ಮಾಡುವ ಕೆಲಸವೇ ಜಾಸ್ತಿ. ಹಗಲು ಹೊತ್ತಿನಲ್ಲೂ ಪಡಸಾಲೆಗೆ ದೀಪ ಬೇಕು. ಮದುಮಗ ಬಾಸಿಂಗ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಕುಕ್ಕರಗಾಲಲ್ಲಿ ಮಾವನ ಮನೆ ಹೊಗುತ್ತಾನೆ. ಆದರೆ ಮನುಷ್ಯ ಹೊಂದಿಕೊಳ್ಳದ ನಾಚಿಕೆ ಅಂತ ಒಂದಿದೆಯೇ? ಹೊಂದಿಕೊಂಡರು. ಬಗ್ಗಿದ ಬೆನ್ನಿಗೆ ವಿನಯ ಅಂತ ಹೆಸರಿಟ್ಟರು. ಕೆಳಗಿಳಿಯುವ ಮೆಟ್ಟಿಲು ಎಷ್ಟು ಹೆಚ್ಚೋ ಮನೆತನ ಅಷ್ಟು ದೊಡ್ಡದು ಅಂದರು. ಹೆಣ್ಣು ಕೇಳಲು ಬಂದವರು ಈಗಲೂ ಮೊದಲು ಕೇಳುವುದು, 'ನಿಮ್ಮದು ಎಷ್ಟು ಮೆಟ್ಟಿಲ ಮನೆ?' ಅಂತಲೇ. ನಮ್ಮಂಥವರ ಮನೆಗಳು ನೆಲದ ಮೇಲೇ ಇವೆ. ಇಳಿಯುವುದಕ್ಕೆ ಅವಕ್ಕೆ ಕಾರಣವೇ ಇಲ್ಲ. 'ನಾಲ್ಕು ಗಳ ನೆಟ್ಟೆವು, ತಗಡು ಹೊದಿಸಿದೆವು, ಮಳೆ ಬಂತು, ಸೋರಿತು' ಅನ್ನುವುದರಲ್ಲಿ ಸುಳ್ಳು ಬೆರೆಸುವ ಜಾಗ ಎಲ್ಲಿದೆ?

ಇಂಥ ಓಣಿಯಲ್ಲಿ ಗಚ್ಚಿನ ಮನೆಯೊಂದೇ ತಲೆಯೆತ್ತಿ ನಿಂತಿದೆ. ಅದನ್ನು ನೋಡಿದಾಗೆಲ್ಲ ನನಗೆ, ಇಷ್ಟು ವರ್ಷ ಎದುರಿಗೇ ಕೂತವನಿಗೆ, ಈಗಲೂ ಸೂಜಿ ಹಿಡಿದ ಕೈ ನಿಲ್ಲುತ್ತದೆ. ಐದು ಕಂಬದ ಮುಂಗಟ್ಟೆ. ಕಂಬದ ಮೇಲಿನ ಬೋದಿಗೆಗಳಲ್ಲಿ ಒಂದು ಕಡೆ ಗಿಳಿ, ಒಂದು ಕಡೆ ಜೋಳದ ತೆನೆ. ಗಿಳಿಗಳು ತೆನೆಯ ಕಡೆಗೇ ನೋಡುತ್ತಿವೆ, ಸಾಹುಕಾರನ ಕಡೆಗಲ್ಲ, ಕೆತ್ತಿದವನು ಹಸಿದವನಿರಬೇಕು. ಒಳಗೆ ಹೋದರೆ ನೆಲ. ಆ ನೆಲದ ಮೇಲೆ ಬರಿಗಾಲಿಟ್ಟರೆ ಬಿರುಬೇಸಿಗೆಯಲ್ಲಿ ಬಾವಿಯ ಮೆಟ್ಟಿಲ ಮೇಲೆ ನಿಂತ ಹಾಗೆ. ಸುಣ್ಣ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು, ಬಿಲ್ವದ ಹಣ್ಣಿನ ಅಂಟು. ಇವನ್ನೆಲ್ಲ ಕಲ್ಲಿನ ಗಾಣದಲ್ಲಿ ದಿನಗಟ್ಟಲೆ ಅರೆದು, ಬೆಣ್ಣೆಯಾದ ಮೇಲೆ ಹಾಸಿ, ನಯವಾದ ಕಲ್ಲಿನಿಂದ ಉಜ್ಜಿ ಉಜ್ಜಿ ತೆಗೆದ ಗಚ್ಚು ಅದು. ಎತ್ತು ಕಟ್ಟುವ ಗಾಣಕ್ಕೆ ಹೆಂಗಸರನ್ನು ಕಟ್ಟಿದ್ದರಂತೆ. ಎತ್ತುಗಳಿಗೆ ಮೇವು ಹಾಕಬೇಕಲ್ಲ. ಮುಂದೆ ನಡೆದವಳು ಕಲ್ಲವ್ವ. ಅವಳ ಬೆನ್ನ ಹಿಂದೆ ಉಳಿದವರು. ತಮ್ಮ ಒಲೆ ಇದ್ದ ಜಾಗವನ್ನು ಸುತ್ತಿ ಸುತ್ತಿ, ತಮ್ಮ ಒಲೆಯ ಮೇಲೇ ಹಾಸುವುದಕ್ಕೆ ಬೆಣ್ಣೆಯಂಥ ಗಚ್ಚು ಅರೆದರು. ಸಿಟ್ಟಿನಿಂದ ಅರೆದಿದ್ದರೆ ನೆಲ ಬಿರುಕು ಬಿಡುತ್ತಿತ್ತು ಅನ್ನುತ್ತಾರೆ ಕೆಲವರು. ನಾನು ಹಾಗನ್ನುವುದಿಲ್ಲ. ಸಿಟ್ಟಿತ್ತು. ಸಿಟ್ಟಿದ್ದೂ ಕೆಲಸವನ್ನು ಕೆಡಿಸಲಿಲ್ಲ ಅನ್ನುವುದೇ ಅವರ ದೊಡ್ಡತನ.

ಕಟ್ಟಿಸಿದ ಸಾಹುಕಾರ ಅಂದಾನಪ್ಪ ಮೊದಲ ಹುಣ್ಣಿಮೆಗೇ ಹೊಸ್ತಿಲ ಮೇಲೆ ನಿಂತು, 'ಬಟಾಬಯಲು ಜಾಗದಲ್ಲಿ, ನನ್ನ ಬೆವರು ಸುರಿಸಿ ಈ ಮನೆ ಕಟ್ಟಿದೆ' ಅಂದ. ಮನೆ ಗೇಣು ಇಳಿಯಿತು. ಮರುವರ್ಷ ಅದನ್ನೇ ಅಂದ. ಅವನ ಮಗ ಅದಕ್ಕೆ ಸ್ವಲ್ಪ ಧರ್ಮ ಸೇರಿಸಿದ, ಮೊಮ್ಮಗ ಸ್ವಲ್ಪ ತ್ಯಾಗ ಸೇರಿಸಿದ. ನಮ್ಮಪ್ಪ ಹುಡುಗನಾಗಿದ್ದಾಗ ಗಿಳಿಗಳು ಮಣ್ಣೊಳಗಿದ್ದವು, ಆ ಮನೆಗೆ ಹೋಗುವವರು ಮೇಲ್ಮಹಡಿಯ ಕಿಟಕಿಯಿಂದ ಇಳಿಯುತ್ತಿದ್ದರು.

ಆಮೇಲೆ ಆ ಮನೆಗೆ ಸೊಸೆಯಾಗಿ ಬಂದವಳು ಚನ್ನಬಸವ್ವ. ಬಂದ ಎರಡನೇ ವರ್ಷಕ್ಕೆ ಗಂಡ ಸತ್ತ. ಹುಣ್ಣಿಮೆ ಹತ್ತಿರ ಬಂದರೆ ಆ ಮನೆಯ ಗಂಡಸರಿಗೆಲ್ಲ ನೆಗಡಿ ಹಿಡಿದು ಗಂಟಲು ಕೂರುತ್ತಿತ್ತು. ಹೇಳುವ ಕೆಲಸ ವಿಧವೆ ಸೊಸೆಯ ಕೊರಳಿಗೆ ಬಿತ್ತು. ಮಾವ ಕೂಡಿಸಿಕೊಂಡು ಬಾಯಿಪಾಠ ಮಾಡಿಸಿದ. ಆಕೆ ಪಾಠವನ್ನೇನೋ ಕಲಿತಳು, ಜೊತೆಗೆ ಸಗಣಿಯ ಕುಳ್ಳು ಮಾರಲು ಹಳ್ಳದಾಚೆಯಿಂದ ಬರುತ್ತಿದ್ದ ಹೆಂಗಸನ್ನು ಒಂದು ದಿನ ಕಿಟಕಿಯ ಹತ್ತಿರ ಕರೆದು ಕೇಳಿದಳು.

"ಏನವಾ, ಈ ಜಾಗಾ ಮೊದಲ ಬಯಲಿತ್ತಂತ ಹೌದೇನ?"

ಕುಳ್ಳಿನಾಕೆ ಕಲ್ಲವ್ವನ ಸೊಸೆ. ಬುಟ್ಟಿ ಇಳಿಸಿ ನಕ್ಕಳಂತೆ. "ಬಯಲs ಇತ್ತು ತಾಯಿ. ನೀ ರೊಟ್ಟಿ ಬಡಿಯೂ ಜಾಗಾದಾಗ ನಮ್ಮತ್ತಿ ರೊಟ್ಟಿ ಬಡೀತಿದ್ಳು, ಬಯಲಾಗs ಕುಂತು. ಮ್ಯಾಲೆ ಒಂದ್ ಸೂರು ಇತ್ತು, ಅಷ್ಟs."

ಆ ಹುಣ್ಣಿಮೆಗೆ ಚನ್ನಬಸವ್ವ ಕಿಟಕಿ ಬಾಗಿಲಲ್ಲಿ ನಿಂತು ಪಾಠ ಬಿಟ್ಟಳು, ಕೇಳಿದ್ದನ್ನು ಹೇಳಿದಳು. ನಮ್ಮಪ್ಪ ಹೂಂ ಅನ್ನುವುದನ್ನೇ ಮರೆತು ಬಾಯಿ ಬಿಟ್ಟುಕೊಂಡು ಕೂತಿದ್ದನಂತೆ. ಪಕ್ಕದ ಕಿಟಕಿಯಲ್ಲಿ ಓಣಿಗೆ ಕಾಲು ಚಾಚಿಕೊಂಡು ಕೂತಿದ್ದ ಮಾವನ ಕಾಲ ಕೆಳಗಿನ ನೆಲ ದೂರವಾಯಿತು. ಮನೆ ಮುಲುಗಿತು. ಮಾವ ಕಾಲು ಜೋತಾಡಿಸುತ್ತ, "ಯಾರು ಹೇಳಿದ್ರು ನಿನಗ? ಯಾರು ಹೇಳಿದ್ರು?" ಅಂತ ಕೂಗಾಡಿದ. ಹೇಳಿದವರ ಹೆಸರನ್ನು ಆಕೆ ಸಾಯುವ ತನಕ ಅವರಿಗೆ ಕೊಡಲಿಲ್ಲ. ವರ್ಷ ವರ್ಷವೂ ಖರೆ ಹೇಳಿದಳು, ವರ್ಷ ವರ್ಷವೂ ಮನೆ ಎದ್ದಿತು. ಕಿಟಕಿಗಳು ಮತ್ತೆ ಕಿಟಕಿಗಳಾದವು. ನಾಚಿಕೆಯಿಂದಲೋ ಮರ್ಯಾದೆಯಿಂದಲೋ ಉಳಿದವರೆಲ್ಲ ಸಾಮಾನು ಕಟ್ಟಿಕೊಂಡು ಓಣಿಯ ಕೊನೆಗಿರುವ ಬೀಗರ ಆಳದ ಮನೆಗೆ ಹೋದರು. ಚನ್ನಬಸವ್ವ ಒಬ್ಬಳೇ ಉಳಿದಳು. ಮುಂಬಾಗಿಲು ಮಣ್ಣಿನಿಂದ ಪೂರ್ತಿ ಹೊರಬಂದ ವರ್ಷ ಆಕೆ ಹಳ್ಳ ದಾಟಿ ಹೋಗಿ, ಕಲ್ಲವ್ವನ ಕಡೆಯವರನ್ನು ಕರೆದಳು. "ನಿಮ್ಮ ಒಲಿ ಅಲ್ಲೈತಿ, ಬರ್ರಿ," ಅಂದಳು. ಎಲ್ಲರೂ ಬರಲಿಲ್ಲ, ಕೆಲವರಿಗೆ ಭಯ, ಕೆಲವರಿಗೆ ಆ ಹೊಸ್ತಿಲ ಮೇಲೆ ಸಿಟ್ಟು. ಬಂದ ನಾಲ್ಕು ಮನೆಯವರಲ್ಲಿ ಕಂಕುಳಲ್ಲಿ ತಮ್ಮನನ್ನು ಎತ್ತಿಕೊಂಡು ಬಂದ ಹುಡುಗಿಯೇ ಫಕೀರವ್ವ, ಕಲ್ಲವ್ವನ ಮರಿಮಗಳು.

ಚನ್ನಬಸವ್ವ ಹೋದ ಮೇಲೆ ಮನೆ ಹೇಳುವವಳು ಫಕೀರವ್ವ. ಅವಳು ರೊಟ್ಟಿ ಮಾರುತ್ತಾಳೆ. ಬೆಳಗಿನ ಜಾವಕ್ಕೆ ಅವಳ ಬಡಿತ ಕೇಳಿಯೇ ನಮ್ಮ ಓಣಿ ಏಳುವುದು. ರೊಟ್ಟಿ ಕೆಲಸ ಮುಗಿದ ಮೇಲೆ ಆ ಗಚ್ಚಿನ ನೆಲವನ್ನು ಅವಳು ಒರೆಸುವುದನ್ನು ನೋಡಬೇಕು. ಒದ್ದೆ ಬಟ್ಟೆಯ ಹಿಂದೆ ಅಂಗೈ ಹಾಯಿಸುತ್ತ ಹೋಗುತ್ತಾಳೆ, ಎಳೆಗೂಸಿನ ಬೆನ್ನು ತೊಳೆದ ಹಾಗೆ. ಬಾಯಿ ಮಾತ್ರ ಬೇರೆ. "ಮೌಲಾಲಣ್ಣಾ, ಹೋದ ಸಲ ಹೊಲಿದ ಜಂಪರು ನಂದೋ ನಿನ್ನ ಹೆಂಡತೀದೋ? ಒಂದ್ ತೋಳಿನ್ಯಾಗ ನಾನೂ ನನ್ನ ಹಿಟ್ಟು ನಾದೂ ಕೊಣಮಗಿನೂ ಕೂಡೇ ಹಿಡಿಸ್ತೀವಿ!" ಅಂತ ಓಣಿಗೆಲ್ಲ ಕೇಳುವ ಹಾಗೆ ಅಂದು, ಮಧ್ಯಾಹ್ನ ನನಗೆ ಅಂತ ಬಿಸಿ ರೊಟ್ಟಿ ಕಳಿಸುತ್ತಾಳೆ.

ಎಲ್ಲ ಸರಿಯಿತ್ತು, ಒಂದು ಬಿಟ್ಟು. ಮನೆಯ ಕಾಗದ ಇನ್ನೂ ಸಾಹುಕಾರರ ಕಡೆಯವರ ಹೆಸರಲ್ಲೇ ಇತ್ತು. ಅವರಿಗೆ ಆ ಎತ್ತರದ ಮನೆ ಬೇಡವಾಗಿತ್ತು, ಹಾಗಾಗಿ ಸುಮ್ಮನಿದ್ದರು. ಈ ವರ್ಷ ಬೇಕಾಯಿತು.

ರಾಜಧಾನಿಯಿಂದ ಒಂದು ಸುದ್ದಿ ಬಂತು. ಹಳೆಯ ಓಣಿಗಳನ್ನು ಆರಿಸಿ ಪರಂಪರೆ ಓಣಿ ಅಂತ ಹೆಸರು ಕೊಡುತ್ತಾರಂತೆ, ಹೆಸರಿನ ಹಿಂದೆ ಪ್ರವಾಸಿಗಳು, ಪ್ರವಾಸಿಗಳ ಹಿಂದೆ ಅಂಗಡಿ, ಹೋಟೆಲು. ನಮ್ಮಲ್ಲೂ ಒಂದು ಸಮಿತಿಯಾಯಿತು. ಅಧ್ಯಕ್ಷರು ಗುರುಶಾಂತಪ್ಪನವರು, ಅಂದಾನಪ್ಪನ ವಂಶದವರು, ಓಣಿಯಲ್ಲೇ ಅತಿ ಆಳದ ಮನೆಯವರು, ಬೆನ್ನು ಬಗ್ಗಿದ್ದರೂ ದನಿ ನೆಟ್ಟಗಿರುವವರು. ಓಣಿ ಆರಿಸಲು ರಾಜಧಾನಿಯಿಂದ ಬರುವ ಅತಿಥಿಗೆ ತೋರಿಸಲು ಪೂರ್ತಿ ಕಾಣುವ ಒಂದಾದರೂ ಮನೆ ಬೇಕಲ್ಲ. ಓಣಿಯಲ್ಲಿ ಇದ್ದದ್ದು ಒಂದೇ. ಖರೆ ಹೇಳಿ ಹೇಳಿ ಎದ್ದು ನಿಂತ ಮನೆ ಈಗ ಅವರಿಗೆ ಹೆಮ್ಮೆಯಾಯಿತು, ಅದನ್ನು ಎಬ್ಬಿಸಿದ ಮಾತು ಮಾತ್ರ ಅತಿಥಿಯ ಮುಂದೆ ಆಡುವಂಥದ್ದಲ್ಲ.

ಗುರುಶಾಂತಪ್ಪನವರು ಒಂದು ಸಂಜೆ ಗಚ್ಚಿನ ಮನೆಯ ಕಟ್ಟೆಗೆ ಬಂದು ಕೂತರು. ನೆಟ್ಟಗೆ ಕೂರುವುದು ರೂಢಿಯಿಲ್ಲದೆ ಸ್ವಲ್ಪ ಹೊತ್ತು ಒದ್ದಾಡಿದರು. ಕಾಲೇಜಿನ ಪ್ರೊಫೆಸರೊಬ್ಬರಿಂದ ಬರೆಸಿ ಅಚ್ಚು ಮಾಡಿಸಿದ ಒಂದು ಹಾಳೆಯನ್ನು ಫಕೀರವ್ವನ ಕೈಗೆ ಕೊಟ್ಟರು.

"ಓದಿ ನೋಡವಾ. ನಿಮ್ಮ ಮಂದೀನ ಎಷ್ಟ್ ಚಂದ ಹೊಗಳ್ಯಾರ."

ಖರೆಯೇ. ನಾನೂ ಓದಿದೆ, ಚೆನ್ನಾಗಿತ್ತು. ಕಲ್ಲವ್ವನ ಹೆಸರಿತ್ತು, ಒಂದಲ್ಲ ಮೂರು ಕಡೆ. ಗಚ್ಚಿನ ವರ್ಣನೆ ಓದಿದರೆ ಬಾಯಲ್ಲಿ ನೀರೂರಬೇಕು. ಅವರನ್ನು ಮಹಾನ್ ಕುಶಲಕರ್ಮಿಗಳು ಅಂತ ಕರೆದಿದ್ದರು. ಕೊನೆಗೆ, ಊರಿನ ಏಳಿಗೆಗಾಗಿ ಅವರೆಲ್ಲರೂ ತಮ್ಮ ನೆಲವನ್ನು ಅಂದಾನಪ್ಪನವರಿಗೆ ಮನಸಾರೆ ಒಪ್ಪಿಸಿ, ಹರಸಿ, ಹಳ್ಳದಾಚೆ ಹೊಸ ಬದುಕು ಕಟ್ಟಿಕೊಂಡರು ಅಂತಿತ್ತು.

"ಅತಿಥಿ ಮುಂದ ಹುಣ್ಣಿಮಿ ದಿನಾ ಇದನ್ನ ಓದು," ಅಂದರು ಗುರುಶಾಂತಪ್ಪನವರು. "ಓದಿದ ದಿನಾನs ಮನಿ ಕಾಗದ ನಿಮ್ಮ ನಾಲ್ಕೂ ಕುಟುಂಬದ ಹೆಸರಿಗೆ ಮಾಡಿ ಕೊಡ್ತೀನಿ. ಬಾಗಿಲದಾಗ ಕಲ್ಲವ್ವನ ಹೆಸರಿನ ಕಲ್ಲು ನಿಲ್ಲಸ್ತೀವಿ."

"ಓದಲಿಲ್ಲಂದ್ರ?"

"ಓದಲಿಲ್ಲಂದ್ರ ಮನಿ ನಮ್ಮದೈತೆಲ್ಲವಾ. ಮರುದಿನಾನs ಖಾಲಿ ಮಾಡಬೇಕಾಕ್ಕೈತಿ."

"ಸುಳ್ಳು ಹೇಳಿದ್ರ ಮನಿ ಇಳೀತೈತ್ರಿ ಅಧ್ಯಕ್ಷರ."

ಅವರು ನಕ್ಕರು. "ಒಂದ್ ಬೆರಳು ಇಳದೀತು. ನಮ್ಮ ಮನಿ ನೋಡು, ಇಳದ್ರ ಯಾರರ ಸತ್ತಾರೇನು?"

ಆ ಸಂಜೆಯಿಂದ ಮನೆಯೊಳಗೆ ಜಗಳ ಹೊತ್ತಿಕೊಂಡಿತು. ಫಕೀರವ್ವನ ತಮ್ಮ ದುರಗಪ್ಪ, ಕಂಕುಳಲ್ಲಿ ಕೂತು ಈ ಮನೆಗೆ ಬಂದವನು, ಈಗ ಹಮಾಲಿ ಮಾಡುವ ಆಳು, ಓದಲೇಬೇಕು ಅಂತ ಹಟ ಹಿಡಿದ. ಅವನ ಹೆಂಡತಿ ರೇಣವ್ವ ತುಂಬಿದ ಬಸುರಿ. ನಾನು ಅಳತೆ ತೆಗೆದುಕೊಳ್ಳುವ ನೆಪದಲ್ಲಿ ಅಲ್ಲೇ ಕೂತಿದ್ದೆ. ನಿಜ ಹೇಳಬೇಕೆಂದರೆ ಅಳತೆ ತೆಗೆದುಕೊಳ್ಳುವಂಥದ್ದು ಏನೂ ಇರಲಿಲ್ಲ.

"ಅಕ್ಕಾ, ಏನ್ ಹೋಗೂದೈತಿ ನಿಂದು?" ಅಂದ ದುರಗಪ್ಪ. "ಜಾಗಾ ನಮ್ಮದಿತ್ತು, ಕಸಗೊಂಡ್ರು. ಈಗ ಅವರs ತಿರುಗಿ ಕೊಡ್ತೀನಿ ಅನ್ನಾಕ ಹತ್ಯಾರ. ನಾಲ್ಕು ಸಾಲು ಓದಿದ್ರ ನಮ್ಮಜ್ಜಿ ಗೆದ್ದಂಗ ಆಗಲಿಲ್ಲೇನು?"

"ಗೆದ್ದಾಕಿ ಹಳ್ಳದಾಚೆ ಹೋಗಿ ಸತ್ಲು."

"ಸತ್ತಾಕಿಗೆ ಒಂದ್ ಕಲ್ಲರ ಆಕ್ಕೈತಿ. ಬದುಕಿದವರಿಗೆ ಸೂರು ಬ್ಯಾಡೇನು? ಇಕಿ ಹೊಟ್ಟಿ ನೋಡು. ಎಲ್ಲಿ ಕರಕೊಂಡು ಹೋಗ್ಲಿ ನಾ? ಮನಿ ಒಂದ್ ಬೆರಳು ಇಳದ್ರ ಇಳೀಲಿ, ಮುಂದಿನ ವರ್ಷದಿಂದ ಖರೆ ಹೇಳು, ಏಳ್ತೈತಿ. ಕಾಗದ ಕೈಯಾಗ ಇರ್ತೈತೆಲ್ಲ?"

ನನಗೆ ಆ ಮಾತು ಸರಿ ಅನ್ನಿಸಿತು. ಈಗಲೂ ಅದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಊರ ಗ್ರಂಥಾಲಯದಲ್ಲಿ ಸೇರುವ ನಮ್ಮ ಓದುಗರ ಬಳಗದಲ್ಲಿ ನ್ಯಾಯದ ಬಗ್ಗೆ ಎಷ್ಟೋ ಸಂಜೆ ಗಂಟಲು ಹರಿದುಕೊಂಡವನು ನಾನು. ತುಂಬಿದ ಬಸುರಿಯನ್ನು ಬೀದಿಗೆ ಹಾಕುವ ನ್ಯಾಯ ಎದುರು ಕಟ್ಟೆಗೇ ಬಂದು ಕೂತಾಗ ನಾನು ಅಳತೆಯ ಟೇಪು ಸುತ್ತುತ್ತ ಕೂತೆ.

ಮಾತಾಡಿದವಳು ರೇಣವ್ವ, ಗೋಡೆಗೊರಗಿ ಕಾಲು ಚಾಚಿಕೊಂಡೇ. "ನನ್ನ ಹೊಟ್ಟಿ ನಡುವ ತರಬ್ಯಾಡ್ರಿ. ಅಧ್ಯಕ್ಷರ ಮನ್ಯಾಗ ಮುಸುರಿ ತಿಕ್ಕಾಕಿ ನಾನು. ಅಲ್ಲಿ ಕೂಸುಗೋಳು ಎದ್ದು ನಿಂತ್ರ ಜಂತಿ ಬಡೀತೈತಿ ಅಂತ ನಿಲ್ಲಾಕs ಕಲಸಾಂಗಿಲ್ಲ, ಗೊತ್ತೈತೇನು? ಮುಂದಿನ ವರ್ಷ ಖರೆ ಹೇಳ್ತೀವಿ, ಮುಂದಿನ ವರ್ಷ ಖರೆ ಹೇಳ್ತೀವಿ ಅಂತ ಅವರ ಮುತ್ತ್ಯಾನೂ ಅಂದಿರಬೇಕು."

"ನೀ ಸುಮ್ನಿರು," ಅಂದ ದುರಗಪ್ಪ.

"ಸುಮ್ನs ಅದೀನಿ. ಎದ್ದಿದ್ರ ಬಡೀತಿದ್ದೆ," ಅಂದಳು ಅವಳು. ಆ ಹೊತ್ತಿನಲ್ಲೂ ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಫಕೀರವ್ವ ಹಾಳೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಓದ್ತೀನಿ ಬಿಡು ತಮ್ಮಾ," ಅಂದಳು. "ಅತ್ತು ಕರದು ಮಾಡಬ್ಯಾಡ್ರಿ. ಓದ್ತೀನಿ."

ಓದುವುದಕ್ಕೆ ರೂಢಿ ಬೇಕಲ್ಲ. ಅವಳು ಶಾಲೆಗೆ ಹೋದದ್ದು ಕಡಿಮೆ, ಚನ್ನಬಸವ್ವನೇ ಅಕ್ಷರ ಕಲಿಸಿದ್ದು. ತನ್ನ ಮನೆಯೊಳಗೆ ಆ ಮಾತುಗಳನ್ನು ಆಡಲು ಹೆದರಿ, ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಓದುತ್ತಿದ್ದಳು. ನಾನು ಗುಂಡಿ ಹಚ್ಚುತ್ತ ಕೇಳುತ್ತಿದ್ದೆ. ಗಚ್ಚಿನ ಮಾತು ಬಂದಾಗ ಅವಳ ದನಿ ತಾನಾಗಿಯೇ ಏರುತ್ತಿತ್ತು. ಬೆಲ್ಲದ ನೀರಿನ ಅಳತೆ ತಪ್ಪಿದೆ ಅಂತ ನಡುವೆ ಪ್ರೊಫೆಸರರನ್ನು ಬಯ್ಯುತ್ತಿದ್ದಳು. "ಇಷ್ಟ್ ಬೆಲ್ಲ ಹಾಕಿದ್ರ ನೆಲಕ್ಕ ಇರುವಿ ಹತ್ತತಾವು ಮೌಲಾಲಣ್ಣ, ಇಂವಗ ಕಾಲೇಜಿನ್ಯಾಗ ಯಾರು ಸಂಬಳ ಕೊಡ್ತಾರ?" ಕಲ್ಲವ್ವ ಅನ್ನುವ ಹೆಸರು ಬಂದಾಗ ಮೂರೂ ಸಲ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅಚ್ಚಾದ ಅಕ್ಷರದಲ್ಲಿ ಆ ಹೆಸರನ್ನು ಅವಳು ನೋಡಿದ್ದು ಅದೇ ಮೊದಲು.

ಕೊನೆಯ ಸಾಲುಗಳನ್ನು ಅವಳು ಬೇಗ ಬೇಗ ಓದಿ ಮುಗಿಸುತ್ತಿದ್ದಳು, ಕಹಿ ಔಷಧಿ ನುಂಗಿದ ಹಾಗೆ. ಒಂದು ದಿನ ಓದಿ ಮುಗಿಸಿದವಳು ಎದ್ದು ಹೋಗಲಿಲ್ಲ.

"ಅಣ್ಣಾ, ಮನಸಾರೆ ಅಂದ್ರ ಖುಷೀಲೆ ಅಂತ ಹೌದಲ್ಲೋ?"

"ಹೌದು."

"ಸಾರವೆ ಗಳಾ ಸೀಳಿ ಒಲಿಗೆ ಹಾಕೂ ಮುಂದ ನಮ್ಮಜ್ಜಿ ಓಣಿ ತುದೀಗೆ ನಿಂತು ನೋಡಿದ್ಳಂತ. ನಮ್ಮ ಕಟ್ಟಿಗಿ ಎಷ್ಟ್ ಚಂದ ಉರೀತೈತಿ ನೋಡ್ರಿ ಅಂದ್ಳಂತ. ಅದು ಖುಷಿ ಇದ್ದೀತೇನು?"

ನಾನು ದಾರ ಕಡಿದೆ. ಸೂಜಿಯ ಕಣ್ಣಿಗೆ ಹೊಸ ದಾರ ಪೋಣಿಸಲು ಆಗಲಿಲ್ಲ, ಕಣ್ಣು ಮಂಜಾಗಿತ್ತು. ಅವಳು ಹಾಳೆ ಮಡಿಸಿಕೊಂಡು, "ರೇಣವ್ವಗ ಈ ವಾರದಾಗ ಹೆರಿಗಿ ಅಂತಾರ," ಅಂದು ಹೊರಟುಹೋದಳು.

ಹುಣ್ಣಿಮೆಯ ಮುಂಜಾನೆ ಓಣಿಯನ್ನು ಗುಡಿಸಿ, ನೀರು ಹೊಡೆದು, ಮಾವಿನ ತೋರಣ ಕಟ್ಟಿದ್ದರು. ತೋರಣವನ್ನು ಗಚ್ಚಿನ ಮನೆಗೆ ಕಟ್ಟಲು ಮಾತ್ರ ಏಣಿ ಬೇಕಾಯಿತು. ಉಳಿದ ಮನೆಗಳಿಗೆ ಬಗ್ಗಿ ಕಟ್ಟಿದರು. ಹಳ್ಳದಾಚೆಯಿಂದಲೂ ಜನ ಬಂದಿದ್ದರು. ಈ ಹೊಸ್ತಿಲ ಮೇಲಿನ ಸಿಟ್ಟು ಬಿಡದೆ ಇಷ್ಟು ವರ್ಷ ದೂರವಿದ್ದ ಮುದುಕಿಯರು, ಕಲ್ಲವ್ವನ ಹೆಸರು ಕಲ್ಲಿನ ಮೇಲೆ ಬರುತ್ತದೆ ಅಂತ ಕೇಳಿ, ಒಗೆದ ಸೀರೆ ಉಟ್ಟು ಮೊಮ್ಮಕ್ಕಳನ್ನು ಕೈಹಿಡಿದು ಬಂದು, ನನ್ನ ಕಟ್ಟೆಯ ಪಕ್ಕದಲ್ಲಿ ನಿಂತಿದ್ದರು. ಬಟ್ಟೆ ಮುಚ್ಚಿದ ಕಲ್ಲು ಬಾಗಿಲ ಬಲಕ್ಕಿತ್ತು. ರಾಜಧಾನಿಯ ಅತಿಥಿ, ದಪ್ಪ ಕನ್ನಡಕದ ಹೆಂಗಸು, ಕುರ್ಚಿಯಲ್ಲಿ ಕೂತು ಬೋದಿಗೆಯ ಗಿಳಿಗಳನ್ನೇ ನೋಡುತ್ತಿದ್ದರು. ಗುರುಶಾಂತಪ್ಪನವರ ತೊಡೆಯ ಮೇಲೆ ಮನೆಯ ಕಾಗದದ ಫೈಲು. ಅವರು ಅದನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡಿದ್ದರು.

ಫಕೀರವ್ವ ಹಸಿರು ಸೀರೆಯಲ್ಲಿ ಹೊಸ್ತಿಲ ಮೇಲೆ ಬಂದು ನಿಂತಳು. ಕೈಯಲ್ಲಿ ಹಾಳೆ. ನನ್ನ ಕಡೆ ಒಮ್ಮೆ ನೋಡಿದಳು, ಓದಲು ಶುರು ಮಾಡಿದಳು.

ಎಷ್ಟು ಚೆನ್ನಾಗಿ ಓದಿದಳು! ನಾನು ಹೂಂ ಅಂದೆ, ಅವಳು ಓದಿದಳು, ನಾನು ಹೂಂ ಅಂದೆ. ಸುಣ್ಣ ಸುಟ್ಟದ್ದು, ಗಾಣ ಸುತ್ತಿದ್ದು, ಕಲ್ಲವ್ವನ ಹೆಸರು. ಕಲ್ಲವ್ವನ ಹೆಸರಿಗೆ ಮುದುಕಿಯರು ಬಾಯಿಗೆ ಸೆರಗು ಹಿಡಿದರು, ಯಾರೋ ಚಪ್ಪಾಳೆ ತಟ್ಟಿದರು, ಓಣಿಯೆಲ್ಲ ತಟ್ಟಿತು. ಬೆಲ್ಲದ ಅಳತೆಯನ್ನು ನಡುವೆ ತಾನೇ ತಿದ್ದಿ ಓದಿದಳು; ಅತಿಥಿ ನಕ್ಕರು. ಮನೆ ಅಲುಗಲಿಲ್ಲ.

ಕೊನೆಯ ಸಾಲುಗಳಿಗೆ ಬಂದಳು. ನಿಂತಳು.

ಉಗುಳು ನುಂಗುತ್ತಾಳೆ ಅಂದುಕೊಂಡೆ. ಅವಳು ನೋಡುತ್ತಿದ್ದದ್ದು ಮುದುಕಿಯರನ್ನು. ಅವರು ಮುಂದಿನ ಮಾತಿಗೆ ಕಾಯುತ್ತಿದ್ದರು, ಮದುವೆಯ ಅಕ್ಷತೆಗೆ ಕೈ ಚಾಚಿ ನಿಂತವರ ಹಾಗೆ. ಅವಳು ಏನು ಓದುತ್ತಾಳೋ ಅದನ್ನೇ ಮನೆಗೆ ಒಯ್ಯುವವರು. ಇವತ್ತು ಸಂಜೆ ಹಳ್ಳದಾಚೆ ಮಕ್ಕಳಿಗೆ ಅವರು ಹೇಳುವುದು, ನಾವೇ ಕೊಟ್ಟೆವಂತೆ ಅಂತ.

"ಮುಂದ ಓದವಾ," ಅಂದರು ಗುರುಶಾಂತಪ್ಪನವರು, ಮೆಲ್ಲಗೆ.

"ಇಲ್ಲೀ ತನಕ ಖರೆ ಐತ್ರಿ," ಅಂದಳು ಫಕೀರವ್ವ. "ಇಲ್ಲೀ ತನಕ ಓದೇನಿ."

"ಎರಡs ಸಾಲು ಉಳದಾವು."

"ಹೌದ್ರಿ. ನಮ್ಮಜ್ಜಿ ಹೆಸರು ಮೂರು ಕಡೆ ಹಾಕೀರಿ, ದೊಡ್ಡ ಉಪಕಾರ ಆತು. ಆಕಿ ಹೆಸರು ಹಾಕಿ, ಆಕಿ ಬಾಯಿಲೆ ಸುಳ್ಳು ಹೇಳಸಾಕ ಹತ್ತೀರಿ. ಅದ ಆಗೂದಿಲ್ಲ."

ದುರಗಪ್ಪ ಗುಂಪಿನಿಂದ ಮುಂದೆ ಬಂದ. "ಅಕ್ಕಾ!" ಅಂದ. "ಅಕ್ಕಾ, ಕಾಗದ ಅಲ್ಲೇ ಐತಿ. ಓದಿಬಿಡು."

"ತಮ್ಮಾ, ನಿನ್ನ ಕಂಕಳಾಗ ಹೊತಗೊಂಡು ಬಂದೇನಿ. ಹಂಗs ಹೊತಗೊಂಡು ಹೊಂಟೇನು. ಈಗ ಹೇಳೂದನ್ನ ಹೇಳಾಕ ಬಿಡು." ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅವನ ಕೈಗೆ ಕೊಟ್ಟಳು. ಆಮೇಲೆ ಹೇಳತೊಡಗಿದಳು, ಪ್ರತಿ ವರ್ಷ ಹೇಳುವ ಹಾಗೆಯೇ, ತನ್ನ ಮಾತಲ್ಲಿ. ಗುಡಿಸಲು ಎಲ್ಲೆಲ್ಲಿ ಇದ್ದವು, ಯಾರ ಒಲೆ ಎಲ್ಲಿತ್ತು, ಯಾರು ಅಟ್ಟಲು ಬಂದರು, ಬರುವಾಗ ಅವರ ಕೈಯಲ್ಲಿ ಏನಿತ್ತು. ನಾನು ಹೂಂ ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಯಾಕೆಂದರೆ ಪಕ್ಕದಲ್ಲಿ ನಿಂತಿದ್ದ ಮುದುಕಿಯರೆಲ್ಲ ಹೂಂ ಅಂದರು. ಎದುರು ಮನೆಯವರಲ್ಲ ಅವರು, ಅವರ ಹೂಂ ಲೆಕ್ಕಕ್ಕಿಲ್ಲ, ಆದರೂ ಅಂದರು.

ಅತಿಥಿ ಗುರುಶಾಂತಪ್ಪನವರ ಕಡೆ ಬಾಗಿ ಏನೋ ಕೇಳಿದರು. ಗುರುಶಾಂತಪ್ಪನವರು ಎದ್ದು ನಿಂತರು. ಬೆನ್ನು ನೆಟ್ಟಗಾಗಲಿಲ್ಲ, ಆದರೆ ದನಿ ಓಣಿಯ ಕೊನೆಗೂ ಕೇಳಿತು.

"ಸಾಕು ಮಾಡು, ಫಕೀರವ್ವಾ. ನಾಳೆ ಹೊತ್ತು ಹುಟ್ಟೂದರೊಳಗ ನಿಮ್ಮ ಗಂಟು ಮೂಟಿ ಹೊರಗ ಇರಬೇಕು."

"ಇಡ್ತೀವ್ರಿ. ಇನ್ನೂ ಹೇಳೂದು ಮುಗದಿಲ್ಲ."

"ಮುಗೀತು ಅಂತ ನಾ ಹೇಳಾಕ ಹತ್ತೀನಿ. ಇಳಿ ಕೆಳಗ."

ಒಳಗಿನಿಂದ ರೇಣವ್ವ ಗೋಡೆ ಹಿಡಿದುಕೊಂಡು ಬಂದು ಅವಳ ಹಿಂದೆ ನಿಂತಳು. ದುರಗಪ್ಪ ಹಾಳೆ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದ. ಅವನು ಮುಂದೆಯೂ ಬರಲಿಲ್ಲ, ಹಿಂದೆಯೂ ಹೋಗಲಿಲ್ಲ. ಗುರುಶಾಂತಪ್ಪನವರು ಮೂರನೇ ಸಲ ಕೂಗಿದರು. ಈ ಸಲ ಅದು ಅಪ್ಪಣೆಯೋ ಬೇಡಿಕೆಯೋ ತಿಳಿಯದ ಹಾಗಿತ್ತು.

"ಹೊಸ್ತಿಲ ಬಿಟ್ಟು ಕೆಳಗ ಇಳಿ ಅಂದೆ!"

ಫಕೀರವ್ವ ಸೆರಗು ಬಿಗಿದು ಸೊಂಟಕ್ಕೆ ಕಟ್ಟಿದಳು, ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದಳು.

"ಇಳಿಯೂದಿಲ್ಲ," ಅಂದಳು.